ಚೆರಿ ಕೌಂಟಿ: ಮರಳಿನ ಮೇಲೊಂದು ಹುಲ್ಲುಗಾವಲು

ಅಮೆರಿಕ ಸಂಯುಕ್ತ ಸಂಸ್ಥಾನವೆಂದೊಡನೆ ನಮ್ಮಲ್ಲಿ ಅನೇಕರ ಕಣ್ಣಮುಂದೆ ನಿಲ್ಲುವುದು ನ್ಯೂಯಾರ್ಕಿನ ಮುಗಿಲು ಮುಟ್ಟುವ ಕಟ್ಟಡಗಳು, ಡೆಟ್ರಾಯಿಟಿನ ಮೋಟಾರು ಕಾರ್ಖಾನೆಗಳು. ಅದೇ ದೇಶದ ನಡುಭಾಗದಲ್ಲಿ, ಚದರ ಮೈಲಿಗೆ ಒಬ್ಬ ಮನುಷ್ಯನೂ ಲೆಕ್ಕಕ್ಕೆ ಬಾರದ ಸೀಮೆಯೊಂದುಂಟು ಎಂದರೆ ವಾಚಕರಿಗೆ ಆಶ್ಚರ್ಯವಾದೀತು. ನೆಬ್ರಾಸ್ಕ ರಾಜ್ಯದ ಉತ್ತರ ಗಡಿಯಲ್ಲಿರುವ ಚೆರಿ ಕೌಂಟಿಯೇ ಆ ಸೀಮೆ. ಕೌಂಟಿಯೆಂದರೆ ಆಡಳಿತದಲ್ಲಿ ಸುಮಾರಾಗಿ ನಮ್ಮ ಜಿಲ್ಲೆಯಿದ್ದಂತೆ. ಚೆರಿ ಕೌಂಟಿಯ ವಿಸ್ತಾರ ಸುಮಾರು 6,000 ಚದರ ಮೈಲಿ. ಕರ್ನಾಟಕದ ಅತಿ ದೊಡ್ಡ ಜಿಲ್ಲೆಯಾದ ಬೆಳಗಾವಿಗಿಂತಲೂ ಅದು ದೊಡ್ಡದು. 1920ರ ಜನಗಣತಿಯಲ್ಲಿ ಅಲ್ಲಿದ್ದವರು 11,753 ಮಂದಿ. ನೂರು ವರ್ಷಗಳ ಬಳಿಕ, 2020ರಲ್ಲಿ, ಉಳಿದವರು 5,455 ಮಂದಿ. ಯುದ್ಧವಾಗಲಿ ಮಹಾಮಾರಿಯಾಗಲಿ ಈ ಜನವನ್ನು ಕರಗಿಸಲಿಲ್ಲ. ಕಾರಣವನ್ನು ಅಲ್ಲಿಯ ನೆಲದಲ್ಲಿಯೂ, ಆ ನೆಲವನ್ನು ಅಳೆದು ಹಂಚಿದ ಕಾನೂನಿನಲ್ಲಿಯೂ ಹುಡುಕಬೇಕು.

ಮೊದಲು ನೆಲವನ್ನು ನೋಡೋಣ. ನೆಬ್ರಾಸ್ಕದ ಕಾಲುಭಾಗಕ್ಕಿಂತ ಹೆಚ್ಚಿನ ಪ್ರದೇಶ ಮರಳುಗುಡ್ಡಗಳ ಸೀಮೆ. ಚೆರಿ ಕೌಂಟಿಯ ಬಹುಭಾಗ ಇದರೊಳಗೇ ಇದೆ. ಕೆಲವು ಗುಡ್ಡಗಳು ನಾನೂರು ಅಡಿ ಎತ್ತರ, ಮೈಲಿಗಟ್ಟಲೆ ಉದ್ದ. ಹಿಂದಿನ ದೀರ್ಘ ಕ್ಷಾಮಕಾಲಗಳಲ್ಲಿ ಇವು ರಾಜಸ್ಥಾನದ ಮರಳದಿಬ್ಬಗಳಂತೆ ಗಾಳಿಗೆ ಸರಿದಾಡುತ್ತಿದ್ದುವು. ಈಗ ಅವುಗಳ ಮೇಲೆ ಹುಲ್ಲು ಹಬ್ಬಿದೆ. ಮರಳನ್ನು ಹಿಡಿದು ನಿಲ್ಲಿಸಿರುವುದು ಆ ಹುಲ್ಲಿನ ಬೇರೇ. ಎಲ್ಲಿಯಾದರೂ ಹೊದಿಕೆ ಹರಿಯಿತೋ, ಗಾಳಿ ಅಲ್ಲಿ ಹೊಕ್ಕು ಮರಳನ್ನು ತೋಡಿ ಗುಂಡಿ ಮಾಡುತ್ತದೆ. ಗುಂಡಿ ವರುಷ ವರುಷಕ್ಕೂ ಬೆಳೆಯುತ್ತದೆ.

ವರ್ಷಕ್ಕೆ ಬೀಳುವ ಮಳೆ ಸುಮಾರು 20 ಅಂಗುಲ. ಅದು ಹೊಳೆಯಾಗಿ ಹರಿದುಹೋಗುವುದಕ್ಕಿಂತ ಹೆಚ್ಚಾಗಿ ಮರಳಿನಲ್ಲಿ ಇಂಗಿ, ಓಗಲಾಲ ಎಂಬ ವಿಸ್ತಾರವಾದ ಭೂಗರ್ಭಜಲದ ನೆಲೆಯನ್ನು ಸೇರುತ್ತದೆ. ಗುಡ್ಡಗಳ ನಡುವಣ ತಗ್ಗಿನಲ್ಲಿ ಅದೇ ನೀರು ಮೇಲೆ ಕಾಣಿಸಿಕೊಂಡು ಕೆರೆಗಳಾಗಿ, ಜೌಗು ಹುಲ್ಲುಬಯಲುಗಳಾಗಿ ನಿಂತಿದೆ. ಉತ್ತರ ಭಾಗದಲ್ಲಿ ನಯೊಬ್ರಾರ ನದಿ ಹರಿಯುತ್ತದೆ. ಮೇಲೆ ಮರಳು, ಕೆಳಗೆ ನೀರು, ನಡುವೆ ತೆಳುವಾದ ಹುಲ್ಲಿನ ಕಂಬಳಿ: ಈ ಸೀಮೆಯ ಭೂಗೋಳವನ್ನು ಇಷ್ಟರಲ್ಲಿಯೇ ಹೇಳಬಹುದು.

ಇಲ್ಲಿ ಮೊದಲು ಕಾಡೆಮ್ಮೆಗಳನ್ನು ಬೇಟೆಯಾಡುತ್ತಿದ್ದವರಲ್ಲಿ ಲಕೋಟ ಜನ ಮುಖ್ಯರು. 1868ರ ಲಾರಮಿ ಕೋಟೆಯ ಒಪ್ಪಂದದಲ್ಲಿ, ನಾರ್ತ್ ಪ್ಲ್ಯಾಟ್ ನದಿಯ ಉತ್ತರಕ್ಕೆ ಬೇಟೆಯಾಡುವ ಹಕ್ಕು ಅವರದೆಂದು ಸರಕಾರವೇ ಬರೆದುಕೊಟ್ಟಿತ್ತು. ಹತ್ತು ವರ್ಷ ತುಂಬುವುದರೊಳಗೆ ಆ ಹಕ್ಕು ಹೋಯಿತು, ಕಾಡೆಮ್ಮೆಯೂ ಮುಗಿಯುತ್ತ ಬಂದಿತು. ಅವರಲ್ಲೊಂದು ಶಾಖೆಯನ್ನು 1878ರಲ್ಲಿ ಗಡಿಯಾಚೆಯ ರೋಸ್‌ಬಡ್ಡಿನಲ್ಲಿ ನೆಲೆ ನಿಲ್ಲಿಸಿದರು. ಬೇಟೆ ಕಳೆದುಕೊಂಡವರಿಗೆ ಸರಕಾರ ಪಡಿತರವಾಗಿ ಮಾಂಸ ಕೊಡಬೇಕಾಯಿತು. ಆ ದನಗಳನ್ನು ಒದಗಿಸುವ ವ್ಯಾಪಾರವೇ ದನದ ಒಡೆಯರನ್ನು ನಯೊಬ್ರಾರ ದಂಡೆಗೆ ಎಳೆದು ತಂದ ಕಾರಣಗಳಲ್ಲಿ ಒಂದು.

ಒಡೆಯರು ಮೊದಮೊದಲು ಮರಳುಗುಡ್ಡಗಳಿಗೆ ಅಂಜುತ್ತಿದ್ದರು. ಒಳಹೊಕ್ಕ ದನ ಹಸಿವಿನಿಂದ ಸತ್ತೇಹೋಗುವುದೆಂದು ಅವರ ನಂಬಿಕೆ. 1879ರಲ್ಲಿ ಹಿಮದ ಬಿರುಗಾಳಿಗೆ ಸಿಕ್ಕಿ ಗುಡ್ಡಗಳೊಳಗೆ ಚದುರಿಹೋದ ದನಗಳನ್ನು ಹುಡುಕಿಕೊಂಡು ಹೋದ ದನಗಾಹಿಗಳಿಗೆ, ಅವು ಚೆನ್ನಾಗಿ ಮೇದು ಮೈತುಂಬಿಕೊಂಡಿದ್ದುದು ಕಂಡಿತು. ಅಂದಿನಿಂದ ಭಯ ಹೋಗಿ ಆಸೆ ಹುಟ್ಟಿತು.

1880ರಲ್ಲಿ ನಯೊಬ್ರಾರ ಕೋಟೆಯನ್ನು ಸೈನ್ಯ ಸ್ಥಾಪಿಸಿತು. ರೈಲು ಬಂದಿತು. 1883ರಲ್ಲಿ ಕೌಂಟಿ ರಚನೆಯಾಯಿತು. ಅದಕ್ಕೆ ಬಂದ ಹೆಸರು ಹಣ್ಣಿನದಲ್ಲ. ಆ ಕೋಟೆಯಲ್ಲಿದ್ದು 1881ರಲ್ಲಿ ಕೊಲೆಯಾದ ಸ್ಯಾಮ್ಯುಯಲ್ ಚೆರಿ ಎಂಬ ಸೇನಾಧಿಕಾರಿಯದು. ಮುಖ್ಯ ಪಟ್ಟಣ ವ್ಯಾಲೆಂಟೈನ್. ರೇಡಿಯೋ ಕೇಳುವ ತಮಗೆ ಒಂದು ಸ್ವಾರಸ್ಯ: ಈ ಒಂದೇ ಕೌಂಟಿಯಲ್ಲಿ ಎರಡು ಕಾಲಮಾನಗಳಿವೆ. ಪೂರ್ವದ ವ್ಯಾಲೆಂಟೈನಿನಲ್ಲಿ ಗಡಿಯಾರ ಎಂಟು ಹೊಡೆದಾಗ ಪಶ್ಚಿಮ ಭಾಗದಲ್ಲಿ ಇನ್ನೂ ಏಳು ಗಂಟೆ.

ಇನ್ನು ಕಾನೂನಿನ ಮಾತು. 1862ರ ಹೋಮ್‌ಸ್ಟೆಡ್ ಶಾಸನದಂತೆ, ಐದು ವರ್ಷ ನೆಲದ ಮೇಲೆ ವಾಸಿಸಿ ಸಾಗುವಳಿ ಮಾಡಿದವನಿಗೆ 160 ಎಕರೆ ಬಹುಮಟ್ಟಿಗೆ ಬಿಟ್ಟಿಯಾಗಿ ದೊರೆಯುತ್ತಿತ್ತು. ಮಳೆ ಚೆನ್ನಾಗಿ ಬೀಳುವ ಪೂರ್ವ ಸೀಮೆಯಲ್ಲಿ ಅಷ್ಟು ನೆಲ ಒಂದು ಸಂಸಾರಕ್ಕೆ ಧಾರಾಳ. ಪಶ್ಚಿಮದ ಒಣನೆಲಗಳನ್ನು ಸುತ್ತಿ ಅಳೆದ ಜಾನ್ ವೆಸ್ಲಿ ಪೊವೆಲ್ ಎಂಬ ಭೂಶೋಧಕ 1878ರ ತನ್ನ ವರದಿಯಲ್ಲಿ ಬೇರೆ ಮಾತನ್ನೇ ಹೇಳಿದನು. ದನ ಮೇಯಿಸಿಯೇ ಬದುಕಬೇಕಾದ ಕಡೆ ಸಂಸಾರವೊಂದಕ್ಕೆ 2,560 ಎಕರೆ ಕೊಡಬೇಕೆಂದು ಅವನ ಸಲಹೆ. ರಾಜಧಾನಿಯಲ್ಲಿ ಅದನ್ನು ಕಾನೂನಾಗಿ ಮಾಡುವವರು ದೊರೆಯಲಿಲ್ಲ.

ಹೀಗಾಗಿ ಗುಡ್ಡಗಳು ಸರಕಾರದ ನೆಲವಾಗಿಯೇ ಉಳಿದುವು. ದೊಡ್ಡ ಒಡೆಯರು ಅದನ್ನು ತಮ್ಮ ಸ್ವಂತ ಗೋಮಾಳವೆಂಬಂತೆ ಬಳಸಿಕೊಂಡರು, ಮುಳ್ಳುತಂತಿಯ ಬೇಲಿಯನ್ನೂ ಹಾಕಿಸಿದರು. ಸ್ಪೇಡ್ ಎಂಬ ರ‍್ಯಾಂಚಿನ ಬಾರ್ಟ್‌ಲೆಟ್ ರಿಚರ್ಡ್ಸ್ ಅವರಲ್ಲಿ ಪ್ರಮುಖನು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರ ಸರಕಾರ ಅವನ ಮೇಲೆ ಮೊಕದ್ದಮೆ ಹೂಡಿತು. ಬೇಲಿ ಹಾಕಿದ್ದಕ್ಕೆ 1905ರಲ್ಲಿ ಸಿಕ್ಕ ಶಿಕ್ಷೆ 300 ಡಾಲರು ದಂಡ, ಆರು ಗಂಟೆಯ ಬಂಧನ. ಜನ ರೇಗಿದರು. ಸುಳ್ಳು ಅರ್ಜಿಗಳಿಂದ ಭೂಮಿ ಕಬಳಿಸಿದ ಮತ್ತೊಂದು ಮೊಕದ್ದಮೆಯಲ್ಲಿ ಒಂದು ವರ್ಷ ಸೆರೆಯಾಯಿತು. ಆ ಶಿಕ್ಷೆಯನ್ನು ಅನುಭವಿಸುತ್ತಿರುವಾಗಲೇ, 1911ರಲ್ಲಿ, ರಿಚರ್ಡ್ಸ್ ತೀರಿಕೊಂಡನು.

ಈ ನಡುವೆ 1904ರಲ್ಲಿ ನೆಬ್ರಾಸ್ಕದ ಪ್ರತಿನಿಧಿ ಮೋಸಸ್ ಕಿಂಕೇಡರ ಶಾಸನ ಜಾರಿಗೆ ಬಂದಿತು. ರಾಜ್ಯದ 37 ಕೌಂಟಿಗಳಲ್ಲಿ 160 ಎಕರೆಯ ಬದಲು 640 ಎಕರೆ ಕೊಡುವುದಾಯಿತು. ನೆಲದ ಕಚೇರಿಗಳ ಮುಂದೆ ಜನ ಸಾಲುಗಟ್ಟಿದರು. 1900ರಲ್ಲಿ 6,541 ಇದ್ದ ಚೆರಿ ಕೌಂಟಿಯ ಜನಸಂಖ್ಯೆ 1910ಕ್ಕೆ 10,414 ಆಯಿತು. ಮರವಿಲ್ಲದ ನಾಡು, ಹುಲ್ಲುಬೇರಿನ ಸಮೇತ ಕತ್ತರಿಸಿದ ಮಣ್ಣಿನ ಹೆಂಟೆಗಳನ್ನು ಪೇರಿಸಿ ಮನೆ ಕಟ್ಟಿಕೊಂಡರು. ಒಲೆಗೆ ಸೌದೆಯಿಲ್ಲದೆ, ಬಯಲಿನಲ್ಲಿ ಒಣಗಿದ ಕುರುಳನ್ನು ಹೆಂಗಸರು ಮಕ್ಕಳು ಆಯ್ದು ತಂದರು. ಬೆರಣಿಯ ಬೆಂಕಿ ಕಂಡ ನಮಗೆ ಅದರ ಹೊಗೆಯ ವಾಸನೆಯನ್ನು ವಿವರಿಸಬೇಕಾಗಿಲ್ಲ.

ಹಾಗೆ ಬಂದವರಲ್ಲಿ ನೀಗ್ರೋ ಸಂಸಾರಗಳೂ ಇದ್ದುವೆಂಬುದನ್ನು ಮರೆಯಲಾಗದು. ಇಂದು ಅವರನ್ನು ಆಫ್ರಿಕನ್ ಅಮೆರಿಕನ್ನರೆಂದು ಕರೆಯುತ್ತೇವೆ. 1907ರಿಂದ ನಾರ್ತ್ ಲೂಪ್ ನದಿಯ ದಂಡೆಯಲ್ಲಿ ಅವರು ಡಿವಿಟಿ ಎಂಬ ನೆಲೆಯನ್ನು ಕಟ್ಟಿದರು. ಅವರಲ್ಲಿ ಕೆಲವರು ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕೆನಡಾ ಸೇರಿದ್ದವರ ಸಂತತಿ. ತಮ್ಮ ಹೆಸರಿಗೆ ಒಂದು ತುಂಡು ನೆಲವಿರಬೇಕೆಂಬುದು ಅವರಿಗೆ ಬರಿಯ ಹೊಟ್ಟೆಪಾಡಿನ ವಿಷಯವಾಗಿರಲಿಲ್ಲ. ಶಾಲೆ, ಚರ್ಚು, ಅಂಚೆಯ ಮನೆ ಎಲ್ಲವೂ ಅಲ್ಲಿ ಇದ್ದುವು. 1930ರ ದಶಕ ನಡೆಯುವಷ್ಟರಲ್ಲಿ ಆ ಊರು ಬರಿದಾಯಿತು.

ಏಕೆ ಬರಿದಾಯಿತು? ಲೆಕ್ಕವನ್ನು ತಾವೇ ಹಾಕಿ ನೋಡಬಹುದು. ಇಂದು ಚೆರಿ ಕೌಂಟಿಯಲ್ಲಿ ಸುಮಾರು 38 ಲಕ್ಷ ಎಕರೆ ನೆಲವಿದೆ. 2017ರ ಕೃಷಿಗಣತಿಯಂತೆ ಮಾಂಸದ ತಳಿಯ ಹಸುಗಳು ಒಂದೂವರೆ ಲಕ್ಷಕ್ಕೂ ಮಿಕ್ಕು. ಇಡೀ ದೇಶದಲ್ಲಿ ಅದೇ ಮೊದಲ ಸ್ಥಾನ. ಅಂದರೆ ಹಸುವೊಂದಕ್ಕೆ ಇಪ್ಪತ್ತು ಎಕರೆಗೂ ಹೆಚ್ಚು ನೆಲ ಬಿದ್ದಂತಾಯಿತು. ಈ ಲೆಕ್ಕದಲ್ಲಿ 160 ಎಕರೆಗೆ ಏಳೆಂಟು ಹಸು, 640 ಎಕರೆಗೆ ಮೂವತ್ತು. ಮೂವತ್ತು ಹಸುಗಳ ಕರು ಮಾರಿ ಸಂಸಾರ ತೂಗಿಸುವುದು ಕಷ್ಟವೆಂದು ಅನೇಕರು ನೇಗಿಲು ಹಿಡಿದರು. ನೇಗಿಲು ಕಂಬಳಿಯನ್ನು ಹರಿಯಿತು, ಗಾಳಿ ಮರಳನ್ನು ಎತ್ತಿತು. 1920ರ ದಶಕದಲ್ಲಿ ಬೆಲೆ ಕುಸಿಯಿತು; 1930ರ ದಶಕದಲ್ಲಿ ಮಳೆ ಕೈಕೊಟ್ಟಿತು. ಒಬ್ಬೊಬ್ಬರಾಗಿ ಪಕ್ಕದವನಿಗೆ ನೆಲ ಮಾರಿ ಹೊರಟರು. ಪೊವೆಲ್ ಹೇಳಿದ್ದ 2,560 ಎಕರೆಯಾದರೆ ನೂರಕ್ಕೂ ಮಿಕ್ಕು ಹಸುಗಳನ್ನು ಸಾಕಬಹುದಾಗಿತ್ತು. ಕೊನೆಗೆ ಭೂಮಿ ಅಂಥ ದೊಡ್ಡ ಹಿಡುವಳಿಗಳಾಗಿಯೇ ಕೂಡಿಕೊಂಡಿತು. ಆದರೆ ಆ ಪಾಠದ ಶುಲ್ಕವನ್ನು ತೆತ್ತವರು ಕಾನೂನು ಬರೆದವರಲ್ಲ, ಕಿಂಕೇಡರ ಮಾತು ನಂಬಿ ಬಂದ ಬಡ ಸಂಸಾರಗಳು.

1950ಕ್ಕೆ ಜನಸಂಖ್ಯೆ 8,397ಕ್ಕೆ ಇಳಿಯಿತು, 2000ದಲ್ಲಿ 6,148. ಯಂತ್ರಗಳು ಬಂದ ಮೇಲೆ ಹುಲ್ಲು ಕೊಯ್ದು ಬಣವೆ ಒಟ್ಟುವುದಕ್ಕೂ ಹೆಚ್ಚು ಆಳು ಬೇಡವಾಯಿತು. ಈಗಿನ ಜನರಲ್ಲಿ ಸುಮಾರು ಅರ್ಧ ವ್ಯಾಲೆಂಟೈನಿನಲ್ಲಿಯೇ ಇದ್ದಾರೆ. ಉಳಿದವರು ಮೈಲಿಗಳ ಅಂತರದಲ್ಲಿ ಒಂದೊಂದು ಮನೆಯಾಗಿ, ಗಾಳಿಯಂತ್ರ ಎತ್ತುವ ನೀರಿನ ತೊಟ್ಟಿಗಳ ಸುತ್ತ ದನ ಮೇಯಿಸಿಕೊಂಡಿದ್ದಾರೆ. ಊರಿಗೆ ಡಾಕ್ಟರು, ಶಾಲೆಗೆ ಮಕ್ಕಳು ಸಾಲದೆಂಬ ಚಿಂತೆ ಇಂಥ ವಿರಳ ಸೀಮೆಗಳನ್ನು ಬಿಟ್ಟಿಲ್ಲ.

ಗಡಿಯಾಚೆಗೂ ಒಮ್ಮೆ ಕಣ್ಣು ಹಾಯಿಸಬೇಕು. ರೋಸ್‌ಬಡ್ ಲಕೋಟರ ಟಾಡ್ ಕೌಂಟಿ ವಿಸ್ತಾರದಲ್ಲಿ ಚೆರಿಯ ಕಾಲುಭಾಗಕ್ಕೂ ಕಡಿಮೆ. 2020ರಲ್ಲಿ ಅಲ್ಲಿ ಎಣಿಕೆಗೆ ಸಿಕ್ಕವರು ಒಂಬತ್ತು ಸಾವಿರಕ್ಕೂ ಮಿಕ್ಕು. ಬೇಟೆಯ ನೆಲದಿಂದ ಹೊರಗಾದವರ ಮೊಮ್ಮಕ್ಕಳು ಇಕ್ಕಟ್ಟಿನಲ್ಲಿ, ಬಹಳ ಬಡತನದಲ್ಲಿ ಇದ್ದಾರೆ. ಪಕ್ಕದ ವಿಶಾಲ ಸೀಮೆ ಜನವಿಲ್ಲದೆ ಬಿಡುವಾಗಿದೆ. ಭೂಪಟದಲ್ಲಿ ಚೆರಿ ಕೌಂಟಿಯನ್ನು ಕಂಡಾಗ ಅದನ್ನು ಖಾಲಿ ಜಾಗವೆಂದು ತಾವು ಎಣಿಸಬಾರದು. ಹುಲ್ಲು ತಾಳುವಷ್ಟು ಜನ ಅಲ್ಲಿದ್ದಾರೆ. ಹುಲ್ಲಿನ ಲೆಕ್ಕ ತಿಳಿಯದೆ ಬಂದು ಹೋದವರ ಮಣ್ಣಿನ ಮನೆಗಳು ಕರಗಿ ಮತ್ತೆ ಆ ಹುಲ್ಲಿನಡಿಯಲ್ಲೇ ಸೇರಿವೆ.