ಆವರಿಕೆ ಬೆಳೆದ ನೆಲ 'ಖರಾಬು' ಹೇಗಾಯ್ತು?

ಚಿತ್ರದುರ್ಗದಿಂದ ಹಿರಿಯೂರಿಗೋ, ಹೊಳಲ್ಕೆರೆಯಿಂದ ಹೊಸದುರ್ಗಕ್ಕೋ ಬಸ್ಸಲ್ಲಿ ಹೋದವರು ರಸ್ತೆ ಪಕ್ಕದ ಹಳದಿ ಹೂವಿನ ಪೊದೆ ನೋಡಿಯೇ ಇರ್ತೀರಿ. ಅದೇ ಆವರಿಕೆ. ನಮ್ಮ ಕಡೆ ತಂಗಡಿ ಅಂತಲೂ ಅಂತಾರೆ. ಪಹಣಿಯಲ್ಲಿ ಮಾತ್ರ ಅಂಥ ನೆಲ ಬಹಳ ಕಡೆ 'ಖರಾಬು'!

ಚಿಕ್ಕದೇವರಾಜ ಒಡೆಯರ (1673-1704) ಕಾಲದ 'ಬೆಣ್ಣೆ ಚಾವಡಿ' ಟಿಪ್ಪುವಿನ ಕಾಲಕ್ಕೆ 'ಅಮೃತ ಮಹಲ್' ಆಯ್ತು. ಆ ದನಗಳಿಗೆಂದೇ ಬಯಲುಸೀಮೆಯ ಹುಲ್ಲುಗಾವಲುಗಳನ್ನು 'ಕಾವಲು' ಅಂತ ಕಾಯ್ದಿಟ್ಟರು. ದನಗಳು ಹುಲ್ಲು ಮೇಯ್ತಿದ್ದವು, ಆವರಿಕೆಗೆ ಅಷ್ಟಾಗಿ ಬಾಯಿ ಹಾಕ್ತಿರಲಿಲ್ಲ. ಹಾಗಾಗಿ ಹುಲ್ಲಿನ ನಡುವೆ ಅದೂ ಉಳೀತು.

ಆಗ ಅದಕ್ಕೆ ಬೆಲೆಯೂ ಇತ್ತು. 19ನೇ ಶತಮಾನದಲ್ಲಿ ಮದರಾಸಿನಿಂದ ಹಡಗೇರಿ ಹೋಗ್ತಿದ್ದ ಚರ್ಮವನ್ನು ಹದ ಮಾಡ್ತಿದ್ದದ್ದು ಆವರಿಕೆ ತೊಗಟೆಯಿಂದ. 20ನೇ ಶತಮಾನದ ಶುರುವಿನಲ್ಲಿ ಆಲ್ಫ್ರೆಡ್ ಚಾಟರ್ಟನ್ ಮದರಾಸಿನಲ್ಲಿ ಕ್ರೋಮ್ ಹದ ಬಳಕೆಗೆ ತಂದರು. ದಕ್ಷಿಣ ಆಫ್ರಿಕಾದ ವ್ಯಾಟಲ್ ತೊಗಟೆಯೂ ಬಂತು. ಆವರಿಕೆಯನ್ನು ಕೇಳೋರು ಕಡಿಮೆಯಾದರು.

ಉಳುಮೆಗೆ ಬಾರದ, ಕಂದಾಯ ಹುಟ್ಟದ ನೆಲ ಸರ್ಕಾರಿ ಲೆಕ್ಕದಲ್ಲಿ ಖರಾಬು. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಬಯಲುಸೀಮೆಯ ಇಂಥ ಎಷ್ಟೋ ನೆಲಕ್ಕೆ ನೀಲಗಿರಿ ನೆಟ್ಟರು. ಹೊಸದಾಗಿ ನೀಲಗಿರಿ ನೆಡಬಾರದು ಅಂತ ಕರ್ನಾಟಕ ಸರ್ಕಾರದ ಆದೇಶ ಬಂದದ್ದು 2017ರಲ್ಲಿ. ಆದರೆ ಬಯಲು ಅಂದ್ರೆ ಖಾಲಿ ಜಾಗ, ಅಲ್ಲಿ ಮರ ನೆಡಬೇಕು ಅನ್ನೋ ಯೋಚನೆ ಇನ್ನೂ ಹೋಗಿಲ್ಲ.

ಖಾಲಿನಾ ಅದು? ಆವರಿಕೆ ಹೂವಲ್ಲಿ ಮಕರಂದ ಇಲ್ಲ, ಪರಾಗ ಮಾತ್ರ. ಅದೂ ಕೇಸರದ ತುದಿಯ ಸಣ್ಣ ತೂತಿನಿಂದಲೇ ಉದುರಬೇಕು. ದೊಡ್ಡ ಕಪ್ಪು ದುಂಬಿ ಹೂವಿಗೆ ಜೋತುಬಿದ್ದು, ಗುಂಯ್ ಅಂತ ಮೈ ನಡುಗಿಸಿ ಅದನ್ನು ಉದುರಿಸುತ್ತೆ. ಜೇನುಹುಳಕ್ಕೆ ಈ ವಿದ್ಯೆ ಬರಲ್ಲ. ಬದನೆ, ಟೊಮೆಟೊ ಹೂವಿನ ಕಟ್ಟುವಿಕೆಯೂ ಹೀಗೇ, ಅಲ್ಲೂ ಇಂಥ ದುಂಬಿಗಳು ನೆರವಾಗುತ್ತವೆ. ಬಯಲಿನ ಆವರಿಕೆ ಪಕ್ಕದ ಹೊಲದ ದುಂಬಿಯನ್ನೂ ಸಾಕುತ್ತೆ. ಇದರ ಎಲೆ ತಿಂದು ಬೆಳೆಯೋ ಚಿಟ್ಟೆಗಳೂ ಇವೆ.

ಬೆಳೆಸೋದು ಸುಲಭ. ಒಣಗಿದ ಕಾಯಿಯಿಂದ ಬೀಜ ಬಿಡಿಸಿ. ಸಿಪ್ಪೆ ಗಟ್ಟಿ, ಅದಕ್ಕೆ ಬಿಸಿನೀರಿಗೆ ಹಾಕಿ ಒಂದು ರಾತ್ರಿ ನೆನೆಯಲು ಬಿಡಿ. ಮುಂಗಾರಿನ ಹೊತ್ತಿಗೆ ಬದುವಿನಲ್ಲಿ ಊರಿ. ಬೇರು ಹಿಡಿದ ಮೇಲೆ ನೀರಿನ ಗೋಜಿಲ್ಲ, ಕಡಿದರೂ ಬುಡದಿಂದ ಚಿಗುರುತ್ತೆ.

ಪಕ್ಕದ ತೆಲಂಗಾಣದಲ್ಲಿ ಬತುಕಮ್ಮ ಹಬ್ಬಕ್ಕೆ ಈ ಹೂವೇ ಬೇಕು, ಅವರ ರಾಜ್ಯದ ಹೂವೂ ಇದೇ. ನಾವು ಕನಿಷ್ಠ ಪಕ್ಷ ಗೋಮಾಳದಲ್ಲಿ ಗಿಡ ನೆಡೋ ಕಾರ್ಯಕ್ರಮ ಅಂತ ಜೆಸಿಬಿ ತರೋ ಮುಂಚೆ, ಅಲ್ಲಿ ಈಗಾಗಲೇ ಏನಿದೆ ಅಂತ ಬಗ್ಗಿ ನೋಡಬಹುದಲ್ವಾ?

ನಿಮ್ಮೂರಲ್ಲಿ ಇದಕ್ಕೆ ಏನಂತಾರೆ? ಹೇಳಿ.