ಹಾಡಿನ ಬೆನ್ನು ಬಿಟ್ಟ ಕುಣಿತ

ನಾಗಪುರ ಜಿಲ್ಲೆಯ ಸಾವನೇರ್‌ನಿಂದ ನಕಾಶೆಯ ಮೇಲೆ ಪಶ್ಚಿಮಕ್ಕೆ ನೇರ ಗೆರೆ ಎಳೆದರೆ, ಸುಮಾರು 280 ಕಿಲೋಮೀಟರ್ ದೂರದಲ್ಲಿ ತಾಪಿ ನದಿಯ ದಂಡೆಯ ಬುರ್ಹಾನ್‌ಪುರ ಸಿಗುತ್ತದೆ. ಹದಿನಾರನೇ ಶತಮಾನದಲ್ಲಿ ಅದು ಖಾನದೇಶದ ಫಾರೂಕಿ ಸುಲ್ತಾನರ ರಾಜಧಾನಿ. ನಮ್ಮ ಶಿವಗಂಗೆ ಬೆಟ್ಟದ ಬಳಿಯ ಸಾತನೂರಿನ ಪಂಡಿತನೊಬ್ಬ ಅಲ್ಲಿ ಬುರ್ಹಾನ್ ಖಾನನ ಆಶ್ರಯ ಪಡೆದು ‘ಸದ್ರಾಗಚಂದ್ರೋದಯ’ ಬರೆದ. ಅವನೇ ಪುಂಡರೀಕ ವಿಠ್ಠಲ. ಮುಂದೆ ಕಛವಾಹ ರಾಜಪೂತರ ಆಶ್ರಯದಲ್ಲಿ ‘ರಾಗಮಂಜರಿ’ ಬಂತು, 1576ರಲ್ಲಿ ‘ರಾಗಮಾಲಾ’. ಮೂರೂ ರಾಗಗಳ ಪುಸ್ತಕಗಳೇ. ಆದರೆ ಅಕ್ಬರನ ಮೆಚ್ಚುಗೆಗಾಗಿ ಬರೆದ ಗ್ರಂಥಕ್ಕೆ ಆತ ಇಟ್ಟ ಹೆಸರು ‘ನರ್ತನನಿರ್ಣಯ’.

ಸಂಗೀತಶಾಸ್ತ್ರಿಯೊಬ್ಬ ತನ್ನ ಪುಸ್ತಕದ ತಲೆಬರಹದಲ್ಲಿ ನರ್ತನವನ್ನು ಕೂರಿಸಿದ್ದು ಸಣ್ಣ ಸಂಗತಿಯಲ್ಲ. ಕುಣಿತಕ್ಕೆ ತನ್ನದೇ ಆದ ನೆಲೆ ಇದೆಯೇ, ಅಥವಾ ಅದು ಹಾಡಿನ ನೆರಳೇ ಎಂಬ ಪ್ರಶ್ನೆ ಅವನಿಗಿಂತ ಬಹಳ ಹಳೆಯದು.

ನಾಟ್ಯಶಾಸ್ತ್ರದ ನಾಲ್ಕನೇ ಅಧ್ಯಾಯದಲ್ಲಿ 108 ಕರಣಗಳ ವಿವರಣೆ ಇದೆ. ಅದನ್ನು ಕೇಳಿದ ಋಷಿಗಳಿಗೆ ಒಂದು ಅನುಮಾನ. ಅರ್ಥ ತಿಳಿಸಲು ಅಭಿನಯವಿದೆ, ಸರಿ. ಹಾಡಿನ ಅರ್ಥಕ್ಕೂ ಅಂಟದ, ತಾನಾಗಿ ಏನನ್ನೂ ಹೇಳದ ಈ ನೃತ್ತ ಯಾತಕ್ಕೆ? ಭರತನ ಉತ್ತರ ಸರಳ: ನೃತ್ತಕ್ಕೆ ಬೇರೆ ಪ್ರಯೋಜನ ಬೇಕಿಲ್ಲ, ಅದು ಶೋಭೆ ತರುತ್ತದೆ. ಜನಕ್ಕೆ ಅದು ಸಹಜವಾಗಿ ಇಷ್ಟ. ಮದುವೆಯಲ್ಲಿ, ಮಗು ಹುಟ್ಟಿದ ಸಂಭ್ರಮದಲ್ಲಿ ಜನ ಕುಣಿಯುತ್ತಾರೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1130ರ ಸುಮಾರಿಗೆ ‘ಮಾನಸೋಲ್ಲಾಸ’ ರಚಿಸಿದಾಗ ಗೀತ, ವಾದ್ಯ, ನೃತ್ಯ ಮೂರನ್ನೂ ಬೇರೆ ಬೇರೆ ವಿನೋದಗಳಾಗಿ ಇಟ್ಟ. ಅರಮನೆಯ ಲೆಕ್ಕದಲ್ಲಿ ಅವು ಮೂರು ಸಂತೋಷಗಳು. ಆದರೆ ಹದಿಮೂರನೇ ಶತಮಾನದಲ್ಲಿ, ಸೇವುಣರ ದೇವಗಿರಿಯಲ್ಲಿ ಕುಳಿತು ಶಾರ್ಙ್ಗದೇವ ‘ಸಂಗೀತರತ್ನಾಕರ’ ಬರೆಯುವಾಗ ಮೂರನ್ನೂ ಸಂಗೀತ ಎಂಬ ಒಂದೇ ಹೆಸರಿನ ಕೆಳಗೆ ತಂದು, ಸಾಲಾಗಿ ನಿಲ್ಲಿಸಿದ. ವಾದ್ಯ ಗೀತವನ್ನು ಹಿಂಬಾಲಿಸಬೇಕು, ನೃತ್ತ ವಾದ್ಯವನ್ನು. ಏಳು ಅಧ್ಯಾಯಗಳಲ್ಲಿ ಕುಣಿತಕ್ಕೆ ಸಿಕ್ಕಿದ್ದು ಕೊನೆಯದು. ಯಜಮಾನನ ಹಿಂದೆ ಆಳು, ಆಳಿನ ಹಿಂದೆ ಅವನ ಮಗ ಎಂಬಂತೆ.

ಪುಂಡರೀಕ ವಿಠ್ಠಲನಿಗೆ ಈ ಸಾಲು ಗೊತ್ತಿತ್ತು. ಅವನ ಗ್ರಂಥದಲ್ಲಿ ನಾಲ್ಕು ಪ್ರಕರಣಗಳಿವೆ: ಮೊದಲು ತಾಳ ಹಿಡಿಯುವವನು, ಆಮೇಲೆ ಮೃದಂಗ ನುಡಿಸುವವನು, ಬಳಿಕ ಹಾಡುವವನು, ಕಡೆಗೆ ನರ್ತಕ. ಇಲ್ಲೂ ನರ್ತಕ ಕೊನೆಯವನೇ. ಆದರೆ ಪುಸ್ತಕದ ಹೆಸರೇ ನರ್ತನದ್ದಾದಾಗ ಕೊನೆ ಎಂಬ ಮಾತಿನ ಅರ್ಥ ಬದಲಾಗುತ್ತದೆ. ಊಟದಲ್ಲಿ ಉಪ್ಪು, ಉಪ್ಪಿನಕಾಯಿ ಮೊದಲು ಬಡಿಸುತ್ತಾರೆ; ಹಾಗೆಂದು ಅನ್ನ ಅವುಗಳ ಆಳಲ್ಲ. ತಾಳ, ಮದ್ದಳೆ, ಹಾಡು ಎಲ್ಲವೂ ಸಿದ್ಧವಾದ ಮೇಲೆ ಬರುವವನಿಗಾಗಿಯೇ ಆ ಸಿದ್ಧತೆ.

ಅವನು ಕುಣಿತವನ್ನು ಕಟ್ಟುಪಾಡಿಗೆ ಒಳಪಟ್ಟ ‘ಬಂಧ’, ಬಿಡುವಿರುವ ‘ಅನಿಬಂಧ’ ಎಂದು ವಿಂಗಡಿಸಿದ. ಮೊಗಲರ ಸುತ್ತಮುತ್ತ ಕಂಡ ಪಾರಸಿ ಹಾಡಿನ ಜಕ್ಕಡಿ ಕುಣಿತಕ್ಕೂ ಜಾಗ ಕೊಟ್ಟ. ಕಥಕ್‌ನ ಪೂರ್ವರೂಪವನ್ನು ಮಂದಾಕ್ರಾಂತಾ ಬೋಸ್ ಅವರಂಥ ವಿದ್ವಾಂಸರು ಈ ಪುಟಗಳಲ್ಲಿ ಹುಡುಕಿದ್ದಾರೆ. ಇಂದಿನ ಕಥಕ್‌ನಲ್ಲಿ ಒಂದು ವಿಶೇಷವಿದೆ. ಸಾರಂಗಿಯೋ ಹಾರ್ಮೋನಿಯಮ್ಮೋ ಒಂದೇ ಸಣ್ಣ ಲೆಹರಾವನ್ನು ಮತ್ತೆ ಮತ್ತೆ ನುಡಿಸುತ್ತಿರುತ್ತದೆ. ನರ್ತಕಿ ತತ್ಕಾರ, ತಿಹಾಯಿಗಳ ಲೆಕ್ಕ ಕಟ್ಟುವಾಗ ಆ ರಾಗ ಅವಳಿಗೆ ಗಡಿಯಾರ. ಶಾರ್ಙ್ಗದೇವನ ಸಾಲು ಇಲ್ಲಿ ಪೂರ್ತಿ ತಿರುಗಿದೆ: ಸ್ವರ ಕಾಯುತ್ತದೆ, ಕಾಲು ಮುನ್ನಡೆಸುತ್ತದೆ. ಭರತನಾಟ್ಯದ ಅಲರಿಪ್ಪು ಕೂಡ ಸಾಹಿತ್ಯವಿಲ್ಲದೆ, ಬರಿಯ ಸೊಲ್ಲುಕಟ್ಟಿನಲ್ಲೇ ನಿಲ್ಲಬಲ್ಲದು.

ಶಾಸ್ತ್ರಕಾರರು ವಾದ ಮಾಡಿದ್ದನ್ನು ಕನ್ನಡದ ಹಳ್ಳಿ ಹೆಸರಿನಲ್ಲೇ ಮುಗಿಸಿದೆ. ಡೊಳ್ಳು ಕುಣಿತ, ಪಟ ಕುಣಿತ, ಪೂಜಾ ಕುಣಿತ: ಈ ಹೆಸರುಗಳಲ್ಲಿ ವಾದ್ಯವಿದೆ, ಹೊತ್ತ ವಸ್ತುವಿದೆ, ಹಾಡಿಲ್ಲ. ಬೀರಪ್ಪನ ಒಕ್ಕಲಿನವರು ಡೊಳ್ಳು ಕಟ್ಟಿಕೊಂಡು ಕುಣಿಯುವಾಗ ಬಾರಿಸುವವನೂ ಕುಣಿಯುವವನೂ ಒಬ್ಬನೇ. ಯಾರು ಯಾರನ್ನು ಹಿಂಬಾಲಿಸಬೇಕು ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಇಪ್ಪತ್ತನೇ ಶತಮಾನದ ಅಮೆರಿಕದಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಡೋರಿಸ್ ಹಂಫ್ರಿ 1928ರಲ್ಲಿ ಸಂಗೀತವೇ ಇಲ್ಲದೆ ‘ವಾಟರ್ ಸ್ಟಡಿ’ ಕಟ್ಟಿದರು. ಮರ್ಸ್ ಕನಿಂಗ್‌ಹ್ಯಾಮ್ ಮತ್ತು ಜಾನ್ ಕೇಜ್ ಕುಣಿತವನ್ನೂ ಸಂಗೀತವನ್ನೂ ಬೇರೆ ಬೇರೆಯಾಗಿ ರಚಿಸಿ, ಒಂದೇ ಹೊತ್ತಿನಲ್ಲಿ ರಂಗಕ್ಕೆ ತಂದರು. 1964ರಲ್ಲಿ ಆ ತಂಡ ಭಾರತಕ್ಕೂ ಬಂದಿತ್ತು. ಅವರದು ಬೇರ್ಪಡಿಸುವ ದಾರಿ. ಪುಂಡರೀಕನದು ಬೇರೆ: ಯಾರನ್ನೂ ಹೊರಗೆ ಕಳಿಸದೆ ಪಂಕ್ತಿಯನ್ನಷ್ಟೇ ಮರುಜೋಡಿಸುವುದು.

ಮೈಸೂರಿನ ವಿದ್ವಾಂಸ ರಾ. ಸತ್ಯನಾರಾಯಣ ‘ನರ್ತನನಿರ್ಣಯ’ವನ್ನು ಮೂರು ಸಂಪುಟಗಳಲ್ಲಿ ಸಂಪಾದಿಸಿದ್ದು 1990ರ ದಶಕದಲ್ಲಿ. ಬುರ್ಹಾನ್‌ಪುರದ ಹಾದಿ ಹಿಡಿದು ಉತ್ತರಕ್ಕೆ ಹೋದ ಕನ್ನಡಿಗನ ಮಾತು ಹಿಂತಿರುಗಿ ಬರಲು ನಾಲ್ಕು ಶತಮಾನ ಹಿಡಿಯಿತು. ನಮ್ಮ ಅಕಾಡೆಮಿಯ ಹೆಸರಿನಲ್ಲಿ ಇಂದಿಗೂ ಸಂಗೀತ ಮೊದಲು, ನೃತ್ಯ ಆಮೇಲೆ. ಅದನ್ನು ಶಾರ್ಙ್ಗದೇವನ ಹಾಗೆ ಓದಬಹುದು, ಪುಂಡರೀಕನ ಹಾಗೂ ಓದಬಹುದು.