ಬಕ್ಷೀಸಿನ ಕಥೆ

ಪರದೇಶಕ್ಕೆ ಹೊರಟವರು ಚಳಿಗೆ ಏನು ತೊಡಬೇಕು, ಊಟಕ್ಕೆ ಏನು ದೊರೆಯುತ್ತದೆ ಎಂದು ನೂರು ವಿಷಯ ವಿಚಾರಿಸಿಕೊಳ್ಳುತ್ತಾರೆ. ಅಲ್ಲಿಗೆ ಹೋದ ಮೇಲೆ ಅವರನ್ನು ಪೇಚಿಗೆ ಸಿಕ್ಕಿಸುವುದು ಜೇಬಿನ ಚಿಲ್ಲರೆ. ಪೆಟ್ಟಿಗೆ ಹೊತ್ತವನಿಗೆ ಎಷ್ಟು ಕೊಡಬೇಕು? ಬಡಿಸಿದವನಿಗೆ ಎಷ್ಟು? ಕೊಡದಿದ್ದರೆ ಜಿಪುಣತನವೆ, ಕೊಟ್ಟರೆ ಅವಮಾನವೆ? ವಿದೇಶಿ ಹಣದ ಕಟ್ಟುನಿಟ್ಟು ಬಲವಾಗಿದ್ದ 1960ರ ದಶಕದ ಕೊನೆಯಲ್ಲಿ ಎಂಟೇ ಡಾಲರು ಹಿಡಿದು ಅಮೆರಿಕಕ್ಕೆ ಹೊರಟ ನಮ್ಮ ವಿದ್ಯಾರ್ಥಿಗಳಿಗೆ ಇದು ಸಣ್ಣ ಪ್ರಶ್ನೆಯಾಗಿರಲಿಲ್ಲ. ಇದಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ಉತ್ತರವುಂಟು. ಹಾಗೇಕಾಯಿತೆಂಬುದನ್ನು ಚರಿತ್ರೆಯಲ್ಲಿಯೇ ಹುಡುಕಬೇಕು.

ನನ್ನ ಕಸುಬು ಭಾಷೆಯ ಪಾಠ ಹೇಳುವುದು. ಆದಕಾರಣ ಮಾತಿನಿಂದಲೇ ಆರಂಭಿಸುತ್ತೇನೆ. ಬಕ್ಷೀಸು ಪಾರಸಿಯಿಂದ ಬಂದ ಮಾತು, ಇನಾಮು ಅರಬ್ಬಿಯಿಂದ ಬಂದದ್ದು. ಮೇಲಿರುವವನು ಮೆಚ್ಚಿ ಕೆಳಗಿರುವವನಿಗೆ ಕೊಟ್ಟದ್ದು ಎಂಬ ಛಾಯೆ ಎರಡರಲ್ಲಿಯೂ ಇದೆ. ಫ್ರೆಂಚರ ‘ಪೂರ್‌ಬ್ವಾರ್’, ಜರ್ಮನರ ‘ಟ್ರಿಂಕ್‌ಗೆಲ್ಟ್’ ಎರಡಕ್ಕೂ ಕುಡಿಯುವುದಕ್ಕೆ ಕೊಟ್ಟ ಕಾಸೆಂದೇ ಅರ್ಥ. ರಷ್ಯನ್ನರು ಚಹಾದ ಕಾಸು ಎನ್ನುತ್ತಾರೆ. ನಮ್ಮ ‘ಕಾಫಿ ಕಾಸಿ’ಗೆ ಇವೆಲ್ಲ ನೆಂಟರು. ಇಂಗ್ಲಿಷಿನ ‘ಟಿಪ್’ ಮೂರು ಪದಗಳ ಮೊದಲಕ್ಷರಗಳಿಂದ ಆಯಿತೆನ್ನುವುದು ಬರಿಯ ಕಟ್ಟುಕಥೆ. ಅದು ಕಳ್ಳರ ಗುಪ್ತಭಾಷೆಯಲ್ಲಿ ‘ಕೊಡು, ದಾಟಿಸು’ ಎಂಬರ್ಥದಲ್ಲಿ ಓಡಾಡುತ್ತಿದ್ದ ಮಾತು.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ದೊಡ್ಡ ಮನೆಗೆ ಊಟಕ್ಕೆ ಹೋದ ಅತಿಥಿ ಹೊರಡುವಾಗ ಆಳುಗಳೆಲ್ಲ ಬಾಗಿಲಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದರು. ಒಬ್ಬೊಬ್ಬನ ಕೈಗೂ ನಾಣ್ಯ ಬೀಳಬೇಕು. ಇದಕ್ಕೆ ‘ವೇಲ್’ ಎಂದು ಹೆಸರು. ನ್ಯೂಕಾಸಲ್ ಡ್ಯೂಕನ ಮನೆಯಲ್ಲಿ ಸರ್ ಟಿಮೊಥಿ ವಾಲ್ಡೊ ಎಂಬಾತ ಅಡಿಗೆಯವನಿಗೆ ಐದು ಷಿಲಿಂಗಿನ ನಾಣ್ಯ ಕೊಟ್ಟನಂತೆ. ತಾನು ಬೆಳ್ಳಿ ಮುಟ್ಟುವುದಿಲ್ಲವೆಂದನಂತೆ ಅಡಿಗೆಯವನು. ಹಾಗಾದರೆ ತಾನೂ ಚಿನ್ನ ಕೊಡುವುದಿಲ್ಲವೆಂದು ವಾಲ್ಡೊ ನಾಣ್ಯವನ್ನು ಮರಳಿ ಜೇಬಿಗಿಳಿಸಿದನಂತೆ!

ನಗು ಬರುವ ಕಥೆಯೇ ಸರಿ. ಆದರೆ ಆ ಅಡಿಗೆಯವನನ್ನು ದುರಾಸೆಯವನೆಂದು ತೀರ್ಮಾನಿಸುವ ಮೊದಲು ಒಂದು ಮಾತು ನೆನೆಯಬೇಕು. ಅತಿಥಿಗಳು ಕೊಡುತ್ತಾರಲ್ಲ ಎಂದು ಯಜಮಾನರು ಸಂಬಳವನ್ನೇ ಕಡಿಮೆ ಮಾಡುತ್ತಿದ್ದರು. 1760ರಲ್ಲಿ ಜೋನಾಸ್ ಹ್ಯಾನ್‌ವೇ ಈ ಪದ್ಧತಿಯನ್ನು ಖಂಡಿಸಿ ಪುಸ್ತಕವನ್ನೇ ಪ್ರಕಟಿಸಿದನು. ಪದ್ಧತಿಯನ್ನು ನಿಲ್ಲಿಸಲು ಶ್ರೀಮಂತರು ಹೊರಟಾಗ, 1764ರಲ್ಲಿ ಲಂಡನ್ನಿನ ರಾನೆಲಾ ಉದ್ಯಾನದಲ್ಲಿ ಆಳುಗಳು ದೊಂಬಿಯೆದ್ದರು. ಅವರ ಪಾಲಿಗೆ ಅದು ಬಕ್ಷೀಸಲ್ಲ, ಅನ್ನ.

ಇದೇ ಕಥೆ ಸಾಗರ ದಾಟಿ ಅಮೆರಿಕದಲ್ಲಿ ಇನ್ನಷ್ಟು ಕಠೋರವಾಯಿತು. 1865ರಲ್ಲಿ ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋಯಿತು. ಜಾರ್ಜ್ ಪುಲ್‌ಮನ್ನನು ತನ್ನ ಮಲಗುವ ರೈಲುಗಾಡಿಗಳಲ್ಲಿ ಹಾಸಿಗೆ ಹಾಸಲು, ಪೆಟ್ಟಿಗೆ ಹೊರಲು, ಬೂಟಿಗೆ ಪಾಲಿಶು ಹಾಕಲು ಬಿಡುಗಡೆ ಹೊಂದಿದ ಕರಿಯರನ್ನು ನೇಮಿಸಿಕೊಂಡನು. ಸಂಬಳ ಅತ್ಯಲ್ಪ, ಉಳಿದದ್ದನ್ನು ಪ್ರಯಾಣಿಕರ ಚಿಲ್ಲರೆ ತುಂಬಬೇಕು. ಆ ಚಿಲ್ಲರೆಗಾಗಿ ಸದಾ ನಗುಮುಖ ತೋರಬೇಕು. ತಂದೆತಾಯಿ ಇಟ್ಟ ಹೆಸರಿದ್ದರೂ ಪ್ರಯಾಣಿಕರು ಅವರೆಲ್ಲರನ್ನೂ ‘ಜಾರ್ಜ್’ ಎಂದೇ ಕೂಗುತ್ತಿದ್ದರು. ಅದು ಯಜಮಾನನ ಹೆಸರು! ಗುಲಾಮನನ್ನು ಒಡೆಯನ ಹೆಸರಿನಿಂದ ಕರೆಯುತ್ತಿದ್ದ ಹಳೆಯ ರೂಢಿಯ ನೆರಳು ಅದು. 1925ರಲ್ಲಿ ಎ. ಫಿಲಿಪ್ ರ‍್ಯಾಂಡಾಲ್ಫರ ನಾಯಕತ್ವದಲ್ಲಿ ಈ ನೌಕರರು ಸಂಘ ಕಟ್ಟಿದರು. ಹನ್ನೆರಡು ವರ್ಷ ಹೋರಾಡಿ 1937ರಲ್ಲಿ ಕಂಪನಿಯಿಂದ ಒಪ್ಪಂದ ಪಡೆದರು. ಅವರು ಕೇಳಿದ್ದು ಹೆಚ್ಚಿನ ಬಕ್ಷೀಸನ್ನಲ್ಲ. ನ್ಯಾಯವಾದ ಸಂಬಳವನ್ನು, ಮರ್ಯಾದೆಯನ್ನು.

ಈ ನಡುವೆ ಬಕ್ಷೀಸನ್ನೇ ನಿಷೇಧಿಸುವ ಪ್ರಯತ್ನವೂ ನಡೆಯಿತು. 1909ರಲ್ಲಿ ವಾಷಿಂಗ್ಟನ್ ರಾಜ್ಯ ಕಾನೂನು ಮಾಡಿತು; ಬೇರೆ ಕೆಲವು ರಾಜ್ಯಗಳು ಅನುಸರಿಸಿದವು. 1926ರ ವೇಳೆಗೆ ಅವೆಲ್ಲ ರದ್ದಾದವು. ಸಂಬಳದ ಪ್ರಶ್ನೆಯನ್ನು ಬಗೆಹರಿಸದೆ ಚಿಲ್ಲರೆಯನ್ನು ಮಾತ್ರ ತಡೆದರೆ ಆಗುವುದೇನು? ಬಕ್ಷೀಸು ಪಡೆಯುವ ನೌಕರನಿಗೆ ಮಾಲೀಕನು ಕೊಡಲೇಬೇಕಾದ ಕನಿಷ್ಠ ಕೂಲಿಯನ್ನು ಅಲ್ಲಿನ ಕೇಂದ್ರ ಸರ್ಕಾರ 1991ರಲ್ಲಿ ಗಂಟೆಗೆ 2.13 ಡಾಲರೆಂದು ನಿಗದಿ ಮಾಡಿತು. ಇದಕ್ಕಿಂತ ಹೆಚ್ಚು ಕೊಡಿಸುವ ರಾಜ್ಯಗಳೂ ಇವೆಯೆನ್ನಿ. ಆದರೂ ಅಮೆರಿಕದ ಹೋಟೆಲಿನಲ್ಲಿ ಬಿಲ್ಲಿನ ಮೇಲೆ ನೂರಕ್ಕೆ ಹದಿನೈದು ಇಪ್ಪತ್ತರಷ್ಟು ಇಡುವುದು ಔದಾರ್ಯವೆನಿಸುವುದಿಲ್ಲ. ಅದು ಬಡಿಸಿದವನ ಕೂಲಿಯ ಒಂದು ಭಾಗ. ಇಡದೆ ಎದ್ದರೆ ಕೂಲಿಯನ್ನೇ ಮುರಿದುಕೊಂಡಂತೆ.

ಬೇರೆ ಕಡೆ ದಾರಿ ಬೇರೆಯಾಯಿತು. ಫ್ರಾನ್ಸಿನಲ್ಲಿ 1987ರಿಂದ ಹೋಟೆಲಿನವರು ಬರೆದಿಡುವ ಬೆಲೆಯಲ್ಲಿಯೇ ಸೇವೆಯ ಹಣವೂ ಸೇರಿರಬೇಕು; ಮೇಲೆ ಬಿಡುವ ಒಂದೆರಡು ನಾಣ್ಯ ಬರಿಯ ಸೌಜನ್ಯ. ಜಪಾನಿನಲ್ಲಿ ಒಳ್ಳೆಯ ಸೇವೆ ಕೆಲಸದ ಭಾಗವೇ. ಮೇಜಿನ ಮೇಲೆ ಚಿಲ್ಲರೆ ಬಿಟ್ಟು ಬಂದರೆ, ಮರೆತು ಹೋದಿರೆಂದು ಹಿಂದೆಯೇ ತಂದುಕೊಟ್ಟಾರು. ವೇಲ್ ಪದ್ಧತಿಯ ಇಂಗ್ಲೆಂಡಿನಲ್ಲಿಯೋ, 2023ರ ಕಾನೂನು 2024ರ ಅಕ್ಟೋಬರಿನಲ್ಲಿ ಜಾರಿಗೆ ಬಂದು, ಬಕ್ಷೀಸೆಲ್ಲ ನೌಕರರಿಗೇ ಸೇರಬೇಕು, ಮಾಲೀಕ ಹಿಡಿದಿಟ್ಟುಕೊಳ್ಳಕೂಡದು ಎಂದಾಯಿತು.

ಆದ್ದರಿಂದ ಹೊರಡುವವರಿಗೆ ನನ್ನ ಮಾತು ಇಷ್ಟೆ. ಮೊದಲ ದಿನವೇ ಒಂದು ದೊಡ್ಡ ನೋಟು ಮುರಿಸಿ ಸಣ್ಣ ನೋಟುಗಳನ್ನಿಟ್ಟುಕೊಳ್ಳಿ. ಉಳಿದ ನಾಣ್ಯಗಳನ್ನು ಅಲ್ಲಿಯೇ ಖರ್ಚುಮಾಡಿ, ಹಣ ಬದಲಾಯಿಸುವವರು ಸಾಮಾನ್ಯವಾಗಿ ನಾಣ್ಯ ತೆಗೆದುಕೊಳ್ಳುವುದಿಲ್ಲ. ಎಷ್ಟು ಕೊಡುವುದು ವಾಡಿಕೆಯೆಂದು ಕೇಳುವಾಗ, ಈ ಊರಿನಲ್ಲಿ ಇವರ ಸಂಬಳವನ್ನು ಕೊಡುವವರು ಯಾರು ಎಂಬುದನ್ನೂ ಕೇಳಿ ತಿಳಿಯಿರಿ. ಕೊಡುವಾಗ ಎದುರಿಗಿದ್ದವರ ಮುಖ ನೋಡಿ ಕೊಡಿ. ಹೆಸರು ಗೊತ್ತಿದ್ದರೆ ಹೆಸರು ಹಿಡಿದೇ ಮಾತನಾಡಿಸಿ.